ಪಕ್ಕೆಗೆ ಬಿದ್ದ ತೇಪೆ

ಗಂಡನಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಟೈರ್ ಪಂಡಿತ. ಟೈರ್ ಅಂಗಡಿಯ ಕೌಂಟರಿನಲ್ಲಿ ನಿಂತು ಮಾರುವುದು ಅವನ ಕೆಲಸ. ಸಂಬಳದವನಾದರೂ ಜಂಬ ಮಾತ್ರ ಯಜಮಾನನದು, ಮನೆಗೆ ಬಂದರೂ ಇಳಿಯದು. ಕುಕ್ಕರಿನ ಗ್ಯಾಸ್ಕೆಟ್ ಸವೆದರೂ ಉಪನ್ಯಾಸ, ಮಗಳ ಚಪ್ಪಲಿ ಕಿತ್ತರೂ ಉಪನ್ಯಾಸ.

ಇಂಥ ಪಂಡಿತನ ಬೈಕಿನ ಹಿಂದಿನ ಟೈರಿಗೇ ಕಬ್ಬಿಣದ ಚೂರು ಹೊಕ್ಕಿತು. ಅದೂ ನೆಲಕ್ಕೆ ತಾಗುವ ದಪ್ಪ ಭಾಗಕ್ಕಲ್ಲ, ಪಕ್ಕೆಗೆ. ಮಹಾಶಯ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ತಾನೇ ತೂತಿಗೆ ತೇಪೆಯೆಂದು ರಬ್ಬರ್ ಬತ್ತಿ ತುರುಕಿ, ಗಾಳಿ ಹೊಡೆದು, ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಯುದ್ಧ ಗೆದ್ದವನಂತೆ ಎದ್ದ. ದಿನಾ ಬೆಳಿಗ್ಗೆ ಅದೇ ಬೈಕಿನಲ್ಲಿ, ಲಾರಿಗಳ ನಡುವೆ, ಮಗಳನ್ನು ಶಾಲೆಗೂ ಅವಳನ್ನು ಹೊಲಿಗೆ ಕಾರ್ಖಾನೆಗೂ ಬಿಡಬೇಕಿತ್ತು. ಇದು ತಡೆಯುತ್ತದಾ, ಮಗು ಕೂರುತ್ತದೆ, ನನಗೆ ಭಯವಾಗುತ್ತದೆ ಎಂದು ಅವಳು ಬಾಯಿಬಿಟ್ಟೇ ಹೇಳಿದಳು. ಟೈರಿನ ಪಾಠ ತನಗೇ ಹೇಳಲು ಬರಬೇಡ, ಕಲ್ಲುಗುಂಡಿನ ಹಾಗಿದೆ ಎಂದ. ಅವಳು ನಂಬಿ ಮಗಳೊಡನೆ ಬೈಕ್ ಹತ್ತಿದಳು. ಎಷ್ಟಾದರೂ ಆ ಕಸುಬಿನವನು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಕಾರ್ಖಾನೆ ಬೇಗ ಬಿಟ್ಟಿತು. ಮನೆಯ ಬೀಗದ ಕೈ ಗಂಡನ ಬಳಿಯಿತ್ತು. ತೆಗೆದುಕೊಳ್ಳಲು ಅಂಗಡಿಗೆ ಹೋದರೆ ಪಂಡಿತರ ಪ್ರವಚನ ನಡೆದಿತ್ತು. ಪಕ್ಕೆಗೆ ತೂತು ಬಿದ್ದ ಟೈರಿಗೆ ತೇಪೆ ಹಾಕಿಸಿದರೆ ಸಾಲದೇ ಎಂದು ಕನ್ನಡಕದ ಗಿರಾಕಿಯೊಬ್ಬ ಕೇಳಿದ್ದ.

"ನಡುವೆ ಸಣ್ಣ ತೂತಾಗಿದ್ರೆ ಒಳಗಿಂದ ತೇಪೆ ಹಾಕಿಸಿ ಓಡಿಸಿ ಅಂತ ನಾನೇ ಹೇಳ್ತಿದ್ದೆ ಸಾರ್. ಪಕ್ಕೆ ಹಾಗಲ್ಲ. ಓಡ್ತಾ ಓಡ್ತಾ ಮಡಚ್ಕೊಳ್ತಾನೇ ಇರುತ್ತೆ, ತೇಪೆ ಯಾವಾಗ ಕಿತ್ಕೊಳ್ಳುತ್ತೋ ದೇವರಿಗೇ ಗೊತ್ತು. ಅದರ ಮೇಲೆ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋನು ಮನುಷ್ಯನಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ದಡ್ಡತನದಿಂದ ಮಾಡಿದ್ದರೆ ಹಾಳಾಗಲಿ ಎಂದು ಕ್ಷಮಿಸುತ್ತಿದ್ದಳು. ಇವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮಗುವನ್ನು ಕೂರಿಸಿಕೊಂಡಿದ್ದ.

ಅವಳು ಗಿರಾಕಿಯ ಕಡೆ ತಿರುಗಿದಳು. "ಇವರು ಹೇಳಿದ್ದು ಸರಿಯಾಗೇ ಇದೆ ಸಾರ್, ಹೊಸದೇ ತಗೊಳ್ಳಿ. ಹೊರಗೆ ನಿಂತಿರೋ ಇವರ ಬೈಕಿಗೂ ಪಕ್ಕೆಗೇ ತೇಪೆ. ಅದರ ಮೇಲೆ ದಿನಾ ಕೂರೋ ಹೆಂಡತಿ ನಾನೇ."

ಗಿರಾಕಿ ಬೈಕನ್ನೊಮ್ಮೆ, ಪಂಡಿತನನ್ನೊಮ್ಮೆ ನೋಡಿದ. ಒಳಗೆ ಕೂತಿದ್ದ ಯಜಮಾನರು ತಲೆಯೆತ್ತಿದರು. ಪಂಡಿತ ಹಲ್ಲುಗಿಂಜಿದ. ಅವಳು ಬೀಗದ ಕೈ ಇಸಿದುಕೊಂಡು ಹೊರಟಳು.

ಸಂಜೆ ಹೊಸ ಟೈರ್ ಹಾಕಿಸಿಕೊಂಡೇ ಬಂದ. ತಾಯಿ ಮಗಳನ್ನು ಹೊರಗೆ ಕರೆದು, ಏನೋ ದಾನ ಮಾಡಿದವನಂತೆ ತೋರಿಸಿದ. ಅವಳು ನೋಡಿದಳು, ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಮಗಳ ಕೈ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಅವನು ಪಕ್ಕಕ್ಕೇ ಬೈಕ್ ತಂದು ನಿಲ್ಲಿಸಿ, ಹೊಸ ಟೈರ್ ಹಾಕಿಸಿದ ಮೇಲೂ ಇನ್ನೇನು ಅನುಮಾನ ಎಂದು ರೇಗಿದ.

"ಟೈರ್ ಮೇಲೆ ನನಗೇನೂ ಅನುಮಾನ ಇಲ್ಲ ರೀ," ಎಂದಳು ಅವಳು, ಮಗಳನ್ನು ಬಸ್ಸಿಗೆ ಹತ್ತಿಸುತ್ತಾ.