ಹನಿ ಬೀಳದ ಸೋರಿಕೆ

ಕ್ಲಚ್ ಡಬ್ಬಿಯ ಬೋಲ್ಟು ಕೊನೆಯ ಸುತ್ತು ಬಿಡುತ್ತಿದ್ದಂತೆ ಎಣ್ಣೆ ಅವಳ ಮುಂಗೈ ಮೇಲೆಯೇ ಸುರಿಯಿತು. ತಟ್ಟೆಯನ್ನು ಕೆಳಗೆ ತಳ್ಳುವಷ್ಟರಲ್ಲಿ ಒಂದಷ್ಟು ನೆಲದ ಪಾಲಾಯಿತು. ಮೋಟಾರ್‌ಸೈಕಲ್ಲಿಗೂ ಅದರ ಮಗ್ಗುಲಿಗೆ ಜೋಡಿಸಿದ್ದ ಒಂಟಿ ಚಕ್ರದ ಗಾಡಿಗೂ ನಡುವಿನ ಸಂದಿನಲ್ಲಿ ಅವಳು ಮಂಡಿ ಮಡಚಿ ಕೂತಿದ್ದಳು. ಕ್ಲಚ್ ಡಬ್ಬಿಯಲ್ಲಿ ಒಂದು ಲೋಟದಷ್ಟು ತೆಳು ಎಣ್ಣೆ ಇದ್ದರೆ ಹೆಚ್ಚು. ಇದು ದಪ್ಪಗೆ, ನಿಲ್ಲುವ ಲಕ್ಷಣವೇ ಇಲ್ಲದೆ ಬರುತ್ತಿತ್ತು. ಎರಡು ಬೆರಳ ನಡುವೆ ಉಜ್ಜಿ ಮೂಸಿದಳು. ಗಂಧಕದ ವಾಸನೆ. ಪಕ್ಕದ ಗೇರ್ ಡಬ್ಬಿಯಲ್ಲಿ ಇರಬೇಕಾದ ಎಣ್ಣೆ ಅದು.

"ಇವತ್ತಿಗೆ ಮುಗಿಯೋ ಕೆಲಸಾನಾ ಇದು?" ಚಿಕ್ಕಪ್ಪ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿದ. ಕನ್ನಡಕದ ಅಂಗಡಿ ಇಟ್ಟಿರುವ ಅವನಿಗೆ ಗ್ರೀಸು ಕಂಡರೆ ಮೊದಲಿನಿಂದಲೂ ಆಗದು. "ವ್ಯಾನಿನವನು ಗಲ್ಲಿ ಬಾಯಲ್ಲೇ ನಿಂತಿದಾನೆ. ಹೂಂ ಅಂದ್ರೆ ಸಾಕು."

"ವ್ಯಾನು ಗಲ್ಲಿ ಒಳಗೆ ಬರಲ್ಲ ಚಿಕ್ಕಪ್ಪಾ."

"ಅಲ್ಲೀವರೆಗೆ ಹೊತ್ತುಕೊಂಡು ಹೋದ್ರಾಯ್ತು. ಅಣ್ಣ ಊಟ ಬಿಟ್ಟೇ ಎಷ್ಟೋ ದಿನ ಆಗಿತ್ತು. ಏನು ಮಹಾ ಭಾರ ಇರ್ತಾನೆ?" ಅಂದವನು, ಬಾಯಿಂದ ಹೊರಟ ಮಾತು ತನಗೇ ಸರಿಕಾಣದೆ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

ಅಮ್ಮ ಒಳಗಿನಿಂದ ಬಂದಳು. ಗ್ಯಾರೇಜಿನ ಹಿಂದಿನ ಬಾಗಿಲು ತೆರೆದರೆ ಮನೆಯ ಮುಂದಿನ ಕೋಣೆ. ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆಯ ಒಂದು ಮೂಲೆ ಅಲ್ಲಿಂದ ಕಾಣುತ್ತಿತ್ತು. ಬಂದವರಿಗೆ ಕುರ್ಚಿ ಸಾಲದೆ, ರಿಪೇರಿಗೆಂದು ಕಳಚಿಟ್ಟಿದ್ದ ಬೈಕಿನ ಸೀಟುಗಳ ಮೇಲೆಯೇ ಕೆಲವರು ಕೂತಿದ್ದರು.

"ಬಿಚ್ಚಲಿ ಬಿಡಪ್ಪಾ" ಎಂದು ಅಮ್ಮ ಮೈದುನನಿಗೆ ಹೇಳಿ, ಮಗಳ ಹತ್ತಿರ ಬಗ್ಗಿದಳು. "ಇದು ಹೊರಡದಿದ್ರೆ ವ್ಯಾನೇ ಆಗಲಿ. ಅದಲ್ಲ ನನಗೆ. ಇದು ಕೆಟ್ಟದ್ದು ನಿಮ್ಮಪ್ಪನ ಕೈಯಿಂದಾನಾ ಅಂತ ನೋಡಿ ಹೇಳು. ಅಷ್ಟು ಸಾಕು."

ತಟ್ಟೆ ತುಂಬುತ್ತಲೇ ಇತ್ತು.

*

ಆ ಬೀದಿಗಳಲ್ಲಿ ಅಪ್ಪನಿಗೆ ನಿಧಾನಪ್ಪ ಎಂದೇ ಹೆಸರು. ಕಿರಿದಾದ ಗಲ್ಲಿಗಳೊಳಗೆ ದೊಡ್ಡ ವಾಹನ ತಿರುಗುವುದಿಲ್ಲವೆಂದು ಯಾವುದೋ ಕಾಲದಲ್ಲಿ ಅವನು ಹಳೆಯ ಮೋಟಾರ್‌ಸೈಕಲ್ಲಿನ ಪಕ್ಕದ ಗಾಡಿಯ ಮೇಲೆ ಉದ್ದನೆಯ ಹಲಗೆ ಕೂರಿಸಿದ್ದ. ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ ಕರೆ ಬರುತ್ತಿತ್ತು. ದಿಬ್ಬದ ಮೇಲಿನ ಸ್ಮಶಾನದವರೆಗೆ ಕ್ಲಚ್ಚನ್ನು ಅರ್ಧ ಹಿಡಿದು, ಅರ್ಧ ಬಿಟ್ಟು, ಹಿಂದೆ ನಡೆದುಬರುವವರ ಹೆಜ್ಜೆಗೆ ಸರಿಯಾಗಿ ಓಡಿಸುತ್ತಿದ್ದ. ಉಳಿದ ದಿನಗಳಲ್ಲಿ ಅದೇ ಹಲಗೆಯ ಮೇಲೆ ಮಗಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಹೆಣದ ಗಾಡಿಯಲ್ಲಿ ಬರುವ ಹುಡುಗಿಯ ಜಡೆ ಎಳೆಯುವ ಧೈರ್ಯ ತರಗತಿಯಲ್ಲಿ ಯಾರಿಗೂ ಇರಲಿಲ್ಲ.

ಓದು ಮುಗಿಸಿ ಅವಳೂ ಅವನ ಜೊತೆಗೇ ಸ್ಪ್ಯಾನರ್ ಹಿಡಿದಳು. ಇಬ್ಬರೂ ಮಾತು ಕಡಿಮೆಯವರು. ಅಪ್ಪ ಕೈ ಚಾಚುವ ಮೊದಲೇ ಬೇಕಾದ ಅಳತೆಯ ಸ್ಪ್ಯಾನರ್ ಅವನ ಅಂಗೈಯಲ್ಲಿರುತ್ತಿತ್ತು. ಅವನು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ ವಾರ ಅವಳು ಆ ಮೋಟಾರ್‌ಸೈಕಲ್ಲನ್ನು ಉಜ್ಜಿ ತೊಳೆದು, ಟ್ಯಾಂಕಿನಿಂದ ಗೇರ್ ಡಬ್ಬಿಯವರೆಗೆ ಕಪ್ಪು ಬಣ್ಣ ಹೊಡೆದಳು. ವಾಪಸು ಬಂದ ಅಪ್ಪ ಸುತ್ತ ನಡೆದು ನೋಡಿ, "ಮದುಮಗನ ಹಾಗೆ ಮಾಡಿಟ್ಟಿದೀಯಲ್ಲೇ. ಸತ್ತವರೂ ಎದ್ದು ಕೂತಾರು" ಅಂದ.

ಆಮೇಲೆ ಶುರುವಾಯಿತು. ಗೇರ್ ಡಬ್ಬಿಯಲ್ಲಿ ಎಣ್ಣೆ ಇಳಿಯುವುದು, ಕ್ಲಚ್ ಡಬ್ಬಿಯಲ್ಲಿ ಏರುವುದು. ನೆಲದ ಮೇಲೆ ಒಂದು ಹನಿಯಿಲ್ಲ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು, ಹಿಡಿ ಪೂರ್ತಿ ಅದುಮಿದರೂ ಬಿಡುತ್ತಿರಲಿಲ್ಲ. ಗಾಡಿ ಜಗ್ಗಿ ಮುಂದಕ್ಕೆ ನುಗ್ಗುತ್ತಿತ್ತು. ಎರಡು ಡಬ್ಬಿಗಳ ನಡುವೆ ಹಾಯುವ ತಿರುಗುದಂಡದ ಸುತ್ತ ಎಣ್ಣೆ ದಾಟದಂತೆ ಒಂದು ರಬ್ಬರಿನ ಉಂಗುರ ಇರುತ್ತದೆ, ಸೀಲ್. ಅದು ಹೋಗಿದೆ ಎಂದು ಅಪ್ಪ ಬದಲಿಸಿದ. ಮತ್ತೆ ದಾಟಿತು. ದಂಡದ ಒಳಗಿನ ಪೊಳ್ಳಿನಿಂದ ಬರುತ್ತಿದೆ ಎಂದು ಮಗಳು ವಾದಿಸಿದಳು. ಅವನು ಊಟಕ್ಕೆ ಹೋದಾಗ ಅದನ್ನೂ ಬಿಚ್ಚಿ, ಹೊಸ ತಡೆ ಹಾಕಿದಳು. ಆಗಲೂ ದಾಟಿತು. ಅಪ್ಪ ಇನ್ನೊಂದು ಸೀಲ್ ಕೈಗೆತ್ತಿಕೊಂಡ.

ಅವತ್ತು ಸಾವಾದ ಒಂದು ಮನೆಯವರು ಹೊರಗೆ ಕಾಯುತ್ತಿದ್ದರು. ಅವರೆಲ್ಲರ ಎದುರಿಗೇ ಅವಳು ಅಂದುಬಿಟ್ಟಳು:

"ಎಷ್ಟು ಸೀಲ್ ಹಾಕಿದ್ರೂ ಅಷ್ಟೇ ಅಪ್ಪಾ. ನಿನ್ನ ಕೈ ನಡುಗುತ್ತೆ. ಓರೆ ಕೂರಿಸ್ತೀಯ."

ಅಪ್ಪ ಸೀಲನ್ನು ಅದರ ಕಾಗದದಲ್ಲಿ ಮತ್ತೆ ಸುತ್ತಿದ. ಮೆಲ್ಲಗೆ ಕೈ ಒರೆಸಿಕೊಂಡು, ಕಾಯುತ್ತಿದ್ದವರಿಗೆ, "ವ್ಯಾನು ಕರೆಸಿಕೊಳ್ಳಿ. ಗಾಡಿಗೆ ಹುಷಾರಿಲ್ಲ" ಎಂದ. ಆ ತಿಂಗಳೇ ಅವಳು ಬೇರೆ ಊರಿನ ಗ್ಯಾರೇಜಿಗೆ ಸೇರಿದಳು. ಮೋಟಾರ್‌ಸೈಕಲ್ಲು ಮೂಲೆಯಲ್ಲಿ ನಿಂತಿತು.

*

ಕ್ಲಚ್ಚಿನ ಬಿಲ್ಲೆಗಳನ್ನು ಕಳಚಿ, ಚೈನು ಇಳಿಸಿ, ಡಬ್ಬಿಯ ಒಳಗೋಡೆಯನ್ನು ಸಡಿಲಿಸುವ ಹೊತ್ತಿಗೆ ಅವಳ ಬೆನ್ನು ಬಿಗಿದಿತ್ತು. ಚಿಕ್ಕಪ್ಪ ಮತ್ತೊಮ್ಮೆ ಬಂದುಹೋದ. ಅಮ್ಮ ಹೋಗಿರಲಿಲ್ಲ. ಒಂದು ಹಳೆಯ ಟೈರಿನ ಮೇಲೆ ಕೂತು, ಯಾರಿಗೂ ಅಲ್ಲವೆಂಬಂತೆ ಹೇಳುತ್ತಿದ್ದಳು.

"ಆಮೇಲಾಮೇಲೆ ಚಹಾದ ಲೋಟಾನೂ ಎರಡು ಕೈಯಲ್ಲಿ ಹಿಡಿಯೋರು. ನಡುಗ್ತಾ ಇರಲಿಲ್ಲ, ನಾನು ನೋಡ್ತಿದ್ದೆನಲ್ಲ. ಅಂಗಿ ಗುಂಡಿ ನೀನೇ ಹಾಕು ಅನ್ನೋರು. ಒಂದೊಂದು ಸಲ ದೀಪದ ಹತ್ತಿರ ಹೋಗಿ ಬೆರಳು ಬಿಡಿಸಿ ನೋಡ್ಕೊಳ್ಳೋರು. ಏನ್ರೀ ಅದು ಅಂದ್ರೆ, ಏನಿಲ್ಲ ಅನ್ನೋರು."

"ಅಮ್ಮಾ, ಆ ಟಾರ್ಚ್ ಕೊಡು."

ಬೆಳಕು ಬಿಟ್ಟಳು. ಸೀಲ್ ಅದರ ಗೂಡಿನಲ್ಲಿ ಕೂತಿತ್ತು. ಸುತ್ತಲೂ ಉಗುರು ಆಡಿಸಿದಳು. ಎಲ್ಲಿಯೂ ಉಬ್ಬಿಲ್ಲ, ತಗ್ಗಿಲ್ಲ. ಅಳತೆಪಟ್ಟಿ ಅಡ್ಡ ಇಟ್ಟಳು, ಮತ್ತೆ ನೆಟ್ಟಗೆ ಇಟ್ಟಳು. ಅವಳು ತನ್ನ ಜೀವಮಾನದಲ್ಲಿ ಅಷ್ಟು ನೇರವಾಗಿ ಒಂದು ಸೀಲ್ ಕೂರಿಸಿರಲಿಲ್ಲ. ಆದರೆ ಅದರ ತೆಳು ತುಟಿ ಮಗುಚಿಕೊಂಡು ಕ್ಲಚ್ಚಿನ ಕಡೆಗೆ ಮುಖ ಮಾಡಿತ್ತು. ಸವೆದಿರಲಿಲ್ಲ, ಹರಿದಿರಲಿಲ್ಲ. ಒಳಗಿನಿಂದ ಏನೋ ಅದನ್ನು ಹೊರಕ್ಕೆ ನೂಕಿತ್ತು.

ಗೇರ್ ಡಬ್ಬಿಯೊಳಗೆ ನೂಕುವಂಥದ್ದು ಗಾಳಿ ಬಿಟ್ಟರೆ ಬೇರೇನಿದೆ? ಬಿಸಿಯಾದ ಗಾಳಿ ಹೊರಗೆ ಹೋಗಲೆಂದು ಡಬ್ಬಿಯ ನೆತ್ತಿಯ ಹಿಂಬದಿಗೆ ಒಂದು ಸಣ್ಣ ತೂತು ಇರುತ್ತದೆ. ಬ್ರೀದರ್. ಅವಳು ಎದ್ದು, ಸೀಟಿನ ಕೆಳಗೆ ಕೈ ತೂರಿಸಿ ಹುಡುಕಿದಳು. ತೂತು ಸಿಗಲಿಲ್ಲ. ಅದಿರಬೇಕಾದಲ್ಲಿ ಒಂದು ಪುಟ್ಟ ಗುಬುಟು, ಸುತ್ತಲಿನಂತೆಯೇ ಕಪ್ಪಗೆ. ಚಾಕುವಿನ ತುದಿಯಿಂದ ಕೆರೆದಾಗ ಬಣ್ಣ ಸಿಪ್ಪೆಯಾಗಿ ಎದ್ದಿತು. ಕೆಳಗೆ ಮರ. ಯಾರೋ ನಾಜೂಕಾಗಿ ಕೆತ್ತಿ ಬಡಿದ ಬೆಣೆ. ಅದರ ಕುತ್ತಿಗೆಗೆ ಸುತ್ತಿದ್ದ ದಾರ ಬಣ್ಣದಲ್ಲಿ ಮೆತ್ತಿಹೋಗಿತ್ತು. ಒಂದು ಕಡೆ ಕೆರೆದಲ್ಲಿ ಕೆಂಪು ಕಂಡಿತು.

"ಇದೇನಮ್ಮಾ?"

ಅಮ್ಮನಿಗೆ ಗೊತ್ತಿರಲಿಲ್ಲ. ಬೈಕಿನ ಸೀಟಿನ ಮೇಲೆ ಕೂತಿದ್ದ ಇಸ್ತ್ರಿ ಮಾಮ ಎದ್ದುಬಂದ. ಎದುರಿನ ಅಂಗಡಿಯಲ್ಲಿ ಬಟ್ಟೆ ತೊಳೆದು ಇಸ್ತ್ರಿ ಮಾಡುವವನು, ಅಪ್ಪನ ಗೆಳೆಯ. ಕತ್ತು ಚಾಚಿ ನೋಡಿದ.

"ಆ ದಾರ ನಂದೇ."

"ನಿಮ್ಮದಾ ಮಾಮಾ?"

"ಬಟ್ಟೆಗೆ ಗುರುತು ಕಟ್ತೀವಲ್ಲ, ಅದು. ನಿಮ್ಮಪ್ಪನೇ ಇಸ್ಕೊಂಡು ಹೋದ." ಅವನು ಸುತ್ತ ನೋಡಿ ದನಿ ಇಳಿಸಿದ. "ಯಾರಿಗೂ ಹೇಳಬೇಡ ಅಂದಿದ್ದ ಕಣಮ್ಮಾ. ಮೆಕ್ಯಾನಿಕ್ ಆದವನು ಮಾಡೋ ಕೆಲಸ ಅಲ್ವಂತೆ ಇದು. ನಿನಗೆ ಗೊತ್ತಾದ್ರೆ ಉಗೀತೀಯ ಅಂತ ಹೆದರಿಕೆ ಬೇರೆ."

"ಯಾತಕ್ಕೆ ಮುಚ್ಚಿದ್ದು?"

"ಒಂದು ಸಲ ಒಬ್ಬ ಹುಡುಗ, ತೀರಿಕೊಂಡ ತನ್ನಪ್ಪನ ಅಂಗಿಯನ್ನೇ ತೊಟ್ಟು, ಇದರ ಹಿಂದೆ ನಡೆದಿದ್ದ. ತಿಳಿ ಬಣ್ಣದ್ದು. ದಿಬ್ಬ ಹತ್ತೋವಾಗ ಇಲ್ಲಿಂದ ಎಣ್ಣೆ ಚಿಮ್ಮಿ ಎದೆ ತುಂಬ ಚುಕ್ಕೆ. ನಿಧಾನಪ್ಪ ತಾನೇ ಅಂಗಿ ತಂದುಕೊಟ್ಟ, ತೆಗಿ ಅಂದ. ನಾನು ಏನೇನೋ ಹಾಕಿ ತಿಕ್ಕಿದೆ. ಗೇರಿನ ಎಣ್ಣೆ, ಹೋಗುತ್ತಾ? ಅವತ್ತಿಂದ ಹೊರಡೋ ಮುಂಚೆ ಬೆಣೆ ಜಡಿಯೋದು, ಮಣ್ಣು ಮಾಡಿ ಬಂದಮೇಲೆ ಕೀಳೋದು. ಮರೆತುಹೋಗುತ್ತೆ ಕಣೋ ಅಂದ. ಕೆಂಪು ದಾರ ಕಟ್ಕೋ ಅಂತ ನಾನೇ ಕೊಟ್ಟೆ. ದೂರದಿಂದ್ಲೂ ಕಾಣೋ ಹಾಗೆ ಬಾಲ ಬಿಟ್ಟಿದ್ದ. ಒಂದು ಸಲವೂ ಮರೆತವನಲ್ಲ."

ಒಂದು ಸಲ ಮರೆತಿದ್ದ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಒಂದು ಮನೆಯ ಕೆಲಸವಿತ್ತು. ಅದು ಅವಳಿಗೆ ನೆನಪಿತ್ತು. ಬಂದು ಕೀಳೋಣ ಎಂದುಕೊಂಡಿರಬೇಕು. ಬರುವಷ್ಟರಲ್ಲಿ ದಾರದ ಬಾಲ ಬಣ್ಣದಡಿ ಮುಚ್ಚಿಹೋಗಿತ್ತು. ಕೆಂಪು ಕಾಣಲಿಲ್ಲವೆಂದರೆ ಬೆಣೆ ಕಿತ್ತಾಗಿದೆ ಎಂದೇ ಅವನ ಲೆಕ್ಕ. ಮತ್ತೆ ಜಡಿಯಲು ಹೋಗಿ ನೋಡೋಣವೆಂದರೆ, ಆಮೇಲೆ ಗಾಡಿ ಯಾರ ಮನೆಯ ಕೆಲಸಕ್ಕೂ ಹೊರಟೇ ಇರಲಿಲ್ಲ.

ಅವಳು ಇಕ್ಕಳದಿಂದ ಬೆಣೆಯನ್ನು ತಿರುವಿ ಎಳೆದಳು. ಎಷ್ಟೋ ಕಾಲದಿಂದ ನಿಂತಿದ್ದ ಗಾಡಿ. ಒಳಗೆ ಗಾಳಿಯ ಒತ್ತಡವೇನೂ ಉಳಿದಿರಲಿಲ್ಲ. ಬೆಣೆ ಸದ್ದಿಲ್ಲದೆ ಕೈಗೆ ಬಂತು. ಒಣಗಿದ ಬಣ್ಣದ ಚೂರುಗಳು ಅವಳ ಬೆರಳಿಗೆ ಅಂಟಿಕೊಂಡವು. ಬ್ರಷ್ಷು ಹಿಡಿದು ಈ ಮೂಲೆಗೆ ಬಗ್ಗಿದ್ದೂ, ಒಂದಿಂಚೂ ಬಿಡಬಾರದೆಂದು ಎರಡೆರಡು ಸಲ ಎಳೆದದ್ದೂ ಅವಳ ಮಣಿಕಟ್ಟಿಗೆ ಇನ್ನೂ ಗೊತ್ತಿತ್ತು.

"ಏನಂತೆ?" ಅಮ್ಮ ಕೇಳಿದಳು.

"ಅಪ್ಪನ ಕೈ ಅಲ್ಲಮ್ಮಾ."

ಅವಳು ಟಾರ್ಚಿನ ಬೆಳಕನ್ನು ಮತ್ತೆ ಸೀಲಿನ ಮೇಲೆ ಬಿಟ್ಟಳು.

"ಸೀಲ್ ನೆಟ್ಟಗೇ ಕೂತಿದೆ. ನನಗೂ ಹಾಗೆ ಕೂರಿಸೋಕೆ ಬರಲ್ಲ. ಗಾಳಿ ಹೋಗೋ ದಾರಿ ಕಟ್ಟಿಕೊಂಡಿತ್ತು. ಬಣ್ಣದಿಂದ."

ಯಾರ ಬಣ್ಣ ಎಂದು ಅಮ್ಮ ಕೇಳಲಿಲ್ಲ. ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಸೆರಗಿನಿಂದ ಅವಳ ಕೆನ್ನೆಯ ಮೇಲಿನ ಮಸಿ ಒರೆಸಿದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತಳು. ತೆರೆದ ಬಾಗಿಲಿನಿಂದ ಮಗಳಿಗೆ ಕಂಡದ್ದು ಇಷ್ಟು: ಅಮ್ಮ ಅಪ್ಪನ ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ಬಿಡಿಸಿ, ಬಲಗೈಯನ್ನು ತನ್ನ ಎರಡೂ ಅಂಗೈ ನಡುವೆ ತೆಗೆದುಕೊಂಡಳು. ಅವಳ ತುಟಿ ಅಲ್ಲಾಡುತ್ತಿತ್ತು. ಮಾತು ಕೇಳಿಸಲಿಲ್ಲ.

*

ಡ್ರಾಯರಿನಲ್ಲಿ ಕಾಗದ ಸುತ್ತಿದ ಸೀಲ್ ಹಾಗೆಯೇ ಇತ್ತು. ಅದನ್ನು ಕೂರಿಸಿ, ಕಳಚಿದ್ದನ್ನೆಲ್ಲ ಜೋಡಿಸಿ, ಎರಡು ಡಬ್ಬಿಗೂ ಅದರದರ ಎಣ್ಣೆ ಅಳೆದು ತುಂಬಿದಳು. ಕ್ಲಚ್ ಹಿಡಿದು ಗೇರಿಗೆ ಹಾಕಿದಳು. ಗಾಡಿ ಕದಲಲಿಲ್ಲ. ಬಿಟ್ಟಳು. ಮೆಲ್ಲಗೆ ಹೊರಟಿತು.

"ಒಂದು ಮಾತು" ಎಂದು ಅವಳು ಸೇರಿದವರಿಗೆಲ್ಲ ಹೇಳಿದಳು. "ಹಿಂದೆ ಹತ್ತಿರ ಬರಬೇಡಿ. ದಿಬ್ಬದಲ್ಲಿ ಎಣ್ಣೆ ಹಾರುತ್ತೆ. ಬಟ್ಟೆಗೆ ಬಿದ್ರೆ ಹೋಗಲ್ಲ."

"ಅದನ್ನ ಇವತ್ತೊಂದು ದಿನ ಮುಚ್ಚಿಬಿಡಬಾರದಾ?" ಇಸ್ತ್ರಿ ಮಾಮ ಮೆಲ್ಲಗೆ ಕೇಳಿದ.

"ಮುಚ್ಚಿದ್ರೆ ಅರ್ಧ ದಾರಿಗೆ ಕ್ಲಚ್ ಕೈಕೊಡಬಹುದು ಮಾಮಾ. ಅಪ್ಪನ್ನ ಜಗ್ಗಿಕೊಂಡು ಹೋಗಲಾ?"

"ನಾನಂತೂ ಮುಂದೆ ನಡೀತೀನಪ್ಪಾ" ಎಂದು ಚಿಕ್ಕಪ್ಪ ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡ. ಆದರೆ ಪೆಟ್ಟಿಗೆಯನ್ನು ಹಲಗೆಗೆ ಏರಿಸಿ ಬಿಗಿದ ಮೇಲೆ ಅವನ ಕಾಲು ಮುಂದಕ್ಕೆ ಹೋಗಲಿಲ್ಲ. ಅಣ್ಣನ ತಲೆಯಿದ್ದ ಕಡೆಗೆ ಹಲಗೆಯ ಅಂಚು ಹಿಡಿದುಕೊಂಡು ಹಿಂದೆಯೇ ಬಂದ. ಅವನ ಪಕ್ಕದಲ್ಲಿ ಅಮ್ಮ.

ಗಲ್ಲಿ ಮುಗಿದು ದಿಬ್ಬ ಶುರುವಾಯಿತು. ಕನ್ನಡಿಯಲ್ಲಿ ಅವಳಿಗೆ ಹಿಂದಿನವರ ಎದೆ, ಭುಜ, ನಡಿಗೆ ಕಾಣುತ್ತಿತ್ತು. ಯಾರೂ ದೂರ ಸರಿದಿರಲಿಲ್ಲ. ಎಂಜಿನ್ನಿನ ದನಿ ಏರಿತು. ಮೊದಲ ಚುಕ್ಕೆ ಚಿಕ್ಕಪ್ಪನ ತೋಳಿನ ಮೇಲೆ ಬಿತ್ತು. ಅವನು ಬಗ್ಗಿ ನೋಡಿದ, ಕೈ ತೆಗೆಯಲಿಲ್ಲ.

ಅರ್ಧ ಏರಿದ ಮೇಲೆ ಅಮ್ಮನಿಗೆ ಉಸಿರು ಕಟ್ಟಿತು. ಅವಳು ಯಾರಿಗೂ ಹೇಳದೆ ನಿಂತಳು. ಕನ್ನಡಿಯಲ್ಲಿ ಅದನ್ನು ಕಂಡು ಮಗಳು ಕ್ಲಚ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟಳು. ಗಾಡಿ ನಿಂತಿತು. ಪೆಟ್ಟಿಗೆ ಒಂದಿಷ್ಟೂ ಅಲುಗಲಿಲ್ಲ. ಹಿಂದಿನವರೂ ನಿಂತರು. ಕೇಳುತ್ತಿದ್ದುದು ಎಂಜಿನ್ನಿನ ಮೆಲುದನಿ ಒಂದೇ. ಅಮ್ಮ ಮಂಡಿಯ ಮೇಲೆ ಕೈಯೂರಿ, ಸಾವಕಾಶವಾಗಿ, ಬೇಕಾದಷ್ಟು ಹೊತ್ತು ಉಸಿರು ಎಳೆದುಕೊಂಡಳು. ತಿಳಿ ಬೂದು ಸೀರೆಯ ಮೇಲೆ ಕಂದು ಚುಕ್ಕೆಗಳು ನಿಧಾನವಾಗಿ ಅಗಲವಾಗುತ್ತಿದ್ದವು. ಆಮೇಲೆ ಅವಳು ನೆಟ್ಟಗಾಗಿ ಒಂದು ಹೆಜ್ಜೆ ಇಟ್ಟಳು. ಮಗಳ ಬೆರಳುಗಳು ಸಡಿಲಾದವು, ಚಕ್ರ ಒಂದು ಹೆಜ್ಜೆಯಷ್ಟು ಉರುಳಿತು.