ಮಾವನ ಲಾರಿ ನಿಂತ ದಿನ

ಜನವರಿಯ ಕವಾಯತಿನಲ್ಲಿ ಜೊಲೀನ್ ತೈಮಾಂಗ್ಲೋ ಮಾಡಿದ ತಪ್ಪನ್ನು ಗುವಾಮ್ ದ್ವೀಪದ ಹುಡುಗಿಯಲ್ಲದೆ ಬೇರೆ ಯಾರೂ ಮಾಡಲಾರರು.

ಮೂವತ್ತು ಸೈನಿಕರು ಸಾಲುಗಟ್ಟಿ ನಿಂತಿದ್ದರು. ಸಾರ್ಜೆಂಟ್ ವಿಸೆಂತೆ ಕಿನಾಟಾ ಅವಳೆದುರು ಬಂದು ತುಕಡಿಯನ್ನು ಒಪ್ಪಿಸಿದರು. "ನಿಮ್ಮ ಜಾಗಕ್ಕೆ ಹೋಗಿ, ಸಾರ್ಜೆಂಟ್" ಎಂದಷ್ಟೇ ಅವಳು ಹೇಳಬೇಕಿತ್ತು. ಅವಳು ಅವರ ಬಲಗೈ ಹಿಡಿದು, ಬಾಗಿ, ಮೂಗಿಗೆ ಒತ್ತಿಕೊಂಡು, ಹಿರಿಯ ಗಂಡಸರಿಗೆ ಹೇಳುವಂತೆ "ನ್ಯೋತ್" ಎಂದಳು. ಅವರು ಅವಳ ಸೋದರಮಾವ. ಮಾತು ಬಂದಾಗಿನಿಂದ ಕಂಡಾಗಲೆಲ್ಲ ಹಾಗೆ ನಮಸ್ಕರಿಸಿದ್ದವಳು. ಕೈ ತಾನಾಗಿಯೇ ಹೋಗಿತ್ತು. ಅದೂ ಸಾಲದೆಂಬಂತೆ ಮಾವನೂ ಅಭ್ಯಾಸಬಲದಿಂದ, "ದೇವ್ರು ಒಳ್ಳೇದ್ ಮಾಡ್ಲಿ, ನೇನಿ" ಎಂದು ಮನೆಯ ಮುದ್ದಿನ ಹೆಸರಿನಲ್ಲೇ ಹರಸಿಬಿಟ್ಟರು.

ಮೂವತ್ತು ಜನರೂ ಘೊಳ್ಳೆಂದರು.

"ಕಾಲೇಜಮ್ಮ, ನಾನೂ ನಿಂಗಿಂತ ದೊಡ್ಡೋನು ಕಣೆ! ನನ್ ಕೈಯೂ ಇದೆ ನೋಡು!" ಎಂದು ಹಿಂದಿನ ಸಾಲಿನಿಂದ ರೇಮಂಡ್ ಮಾಫ್ನಾಸ್ ಕೂಗಿದ.

ಎರಡು ವರ್ಷದ ಹಿಂದೆ ಇದೇ ಮೀಸಲು ತುಕಡಿಗೆ ಅವಳು ಲಾರಿ ಓಡಿಸುವ ಸಿಪಾಯಿಯಾಗಿ ಸೇರಿದ್ದಳು. ಆಮೇಲೆ ಮಾಂಗಿಲಾವ್‌ನ ಕಾಲೇಜಿನಲ್ಲಿ ಓದುತ್ತಲೇ ಅಧಿಕಾರಿಯ ತರಬೇತಿಗೂ ಹೆಸರು ಕೊಟ್ಟಳು. ವಾರವೆಲ್ಲ ಜೀವಶಾಸ್ತ್ರದ ತರಗತಿ, ತಿಂಗಳಿಗೊಂದು ಶನಿವಾರ ಭಾನುವಾರ ತುಕಡಿ. ಈಗ ಎದೆಯ ಮೇಲೆ ಕೆಡೆಟ್ ಗುರುತು. ನಿನ್ನೆ ಜೊತೆಗೆ ಟಯರು ಬದಲಿಸಿದವರಿಗೆ ಇಂದು ಅಪ್ಪಣೆ ಕೊಡಬೇಕು. ಅತ್ತ ಸಿಪಾಯಿಯಲ್ಲ, ಇತ್ತ ಅಧಿಕಾರಿಯೂ ಅಲ್ಲ.

ಅಂದು ಸಂಜೆ ಕ್ಯಾಪ್ಟನ್ ಮಾನಿಬುಸಾನ್ ಅವಳನ್ನು ಕೋಣೆಗೆ ಕರೆಸಿದರು. ಮೇ ತಿಂಗಳಲ್ಲಿ ಪದವಿಯ ಜೊತೆಗೇ ಅವಳು ಲೆಫ್ಟಿನೆಂಟ್ ಆಗಲಿದ್ದಳು. ಈ ತುಕಡಿಯಲ್ಲೇ ಉಳಿಯಬೇಕಾದರೆ "ಇವಳನ್ನು ನಾವು ತೆಗೆದುಕೊಳ್ಳುತ್ತೇವೆ" ಎಂಬ ಪತ್ರಕ್ಕೆ ಕ್ಯಾಪ್ಟನ್ ಸಹಿ ಬೀಳಬೇಕು. ಬೀಳದಿದ್ದರೆ ಕಡಲಾಚೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿಗೆ ಹೊರಡಬೇಕು. ಪತ್ರ ಮೇಜಿನ ಮೇಲೆಯೇ ಇತ್ತು. ಜೊಲೀನ್ ಅದರ ಕೆಳತುದಿಯನ್ನೇ ನೋಡುತ್ತ ನಿಂತಳು.

"ನಂಗೂ ಮಾವಂದಿರಿದ್ದಾರೆ, ಈ ದ್ವೀಪದಲ್ಲಿ ಯಾರಿಗಿಲ್ಲ?" ಎಂದರು ಕ್ಯಾಪ್ಟನ್. "ಕೈ ಮೂಗಿಗೆ ಒತ್ತಿದ್ದಕ್ಕೆ ನಂಗೆ ಬೇಜಾರಿಲ್ಲಮ್ಮ. ಆದ್ರೆ ನಾಳೆ ಅದೇ ಮಾವ ತಪ್ಪು ಮಾಡಿದ್ರೆ, ಎಲ್ರೆದುರು ಬೇಡ ಅನ್ನೋಕೆ ನಿಂಗೆ ಬಾಯಿ ಬರುತ್ತಾ? ಅದು ಗೊತ್ತಾಗ್ಲಿ. ಅಲ್ಲೀವರೆಗೂ ಸಹಿ ಹಾಕಲ್ಲ."

ಜೊಲೀನ್ ಒಂದು ತಿಂಗಳು ಆ ಪ್ರಶ್ನೆಯನ್ನು ಹೊತ್ತು ತಿರುಗಿದಳು. ಪ್ರಯೋಗಶಾಲೆಯಲ್ಲಿ ಕಪ್ಪೆಯ ಹೃದಯ ಬರೆಯುವಾಗಲೂ ಅದೇ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಮಾವ. ತುಕಡಿಗೆ ಸೇರುವ ದಿನ ಕಾಗದ ಹಿಡಿದು ಜೊತೆಗೆ ಬಂದವರೂ ಅವರೇ.

ಫೆಬ್ರುವರಿಯ ಶನಿವಾರ ಆರು ಲಾರಿಗಳು ದ್ವೀಪದ ಉತ್ತರದ ತರಬೇತಿ ಬಯಲಿಗೆ ನೀರು ಸಾಗಿಸಬೇಕಿತ್ತು. ಆ ದಿನದ ಮುಂದಾಳು ಜೊಲೀನ್. ಪಟ್ಟಿ ಹಿಡಿದು ಒಂದೊಂದೇ ಲಾರಿ ನೋಡುತ್ತ ಬಂದಳು. ಆರನೆಯದು ಮಾವನದು. ಎಂಜಿನ್ ಆರಿಸಿ ಬ್ರೇಕ್ ತುಳಿಯುವಂತೆ ಹೇಳಿ, ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಕಿವಿಗೊಟ್ಟಳು. ಸುಯ್ ಎಂಬ ಸಣ್ಣ ಸದ್ದು. ಎದ್ದು ಕಿಟಕಿಯಲ್ಲಿ ಇಣುಕಿದಳು. ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು.

"ಸಾರ್ಜೆಂಟ್, ಬ್ರೇಕ್ ಗಾಳಿ ಸೋರ್ತಿದೆ."

"ಅದು ಹಂಗೇ ಉಸಿರಾಡೋದು, ನೇನಿ" ಎಂದು ಮಾವ ನಕ್ಕರು. "ನೀನು ಚಡ್ಡಿ ಒದ್ದೆ ಮಾಡ್ಕೊಳ್ತಿದ್ದಾಗಿಂದ ಓಡಿಸ್ತಿದೀನಿ. ನಡಿ ನಡಿ, ಹೊತ್ತಾಯ್ತು."

ಸುತ್ತ ನಿಂತವರು ಇತ್ತ ತಿರುಗಿದರು. ಮಾಫ್ನಾಸ್ ಕೂಡ ಚೂಯಿಂಗ್ ಗಮ್ ಅಗಿಯುವುದನ್ನು ಬಿಟ್ಟ. ದೂರದಲ್ಲಿ ಕ್ಯಾಪ್ಟನ್ ಕಾಫಿ ಲೋಟ ಹಿಡಿದು ನಿಂತಿದ್ದು ಅವಳಿಗೆ ಕಂಡಿತು. ಕಂಡದ್ದು ಒಳ್ಳೆಯದಾಗಲಿಲ್ಲ, ಈಗ ಏನು ಹೇಳಿದರೂ ಪತ್ರಕ್ಕಾಗಿ ಹೇಳಿದಂತೆ. ಆದರೆ ಆ ಮುಳ್ಳು ಇಳಿಯುತ್ತಿತ್ತು. ಆ ಲಾರಿಯಲ್ಲಿ ಕೂರುವವರು ಮಾವ.

"ಸಾರ್ಜೆಂಟ್ ಕಿನಾಟಾ, ಈ ಲಾರಿ ಹೊರಡೋದಿಲ್ಲ. ಇಳೀರಿ. ನೀರನ್ನ ಉಳಿದ ಐದಕ್ಕೂ ಹಂಚ್ಸಿ."

ದನಿ ನಡುಗಿತು. ಮಾತು ಮಾತ್ರ ಪೂರ್ತಿ ಬಂತು.

ಮಾವ ಅವಳನ್ನು ನೋಡಿದರು. ಮುಖದ ನಗೆ ಮೆಲ್ಲಗೆ ಆರಿತು. ಬೀಗದ ಕೈ ತೆಗೆದು, ಇಳಿದು, ನೆಟ್ಟಗೆ ನಿಂತರು.

"ಆಗ್ಲಿ, ಕೆಡೆಟ್ ತೈಮಾಂಗ್ಲೋ."

ನೇನಿ ಅಲ್ಲ. ಹುಟ್ಟಿ ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ.

ಮಧ್ಯಾಹ್ನ ಬಯಲಿನಲ್ಲಿ ಊಟ. ಅಧಿಕಾರಿಗಳು ಕೊನೆಗೆ ಉಣ್ಣುವುದು ಪದ್ಧತಿ. ಜೊಲೀನ್ ಸಾಲಿನ ತುದಿಯಲ್ಲಿ ನಿಂತಳು. ಬೇರೆ ಲಾರಿಯಲ್ಲಿ ಬಂದಿದ್ದ ಮಾವ ತಟ್ಟೆ ಹಿಡಿದು, ಅತ್ತ ನೋಡುತ್ತ ಅವಳ ಪಕ್ಕದಲ್ಲೇ ಹಾದುಹೋದರು. ಅವಳ ಸರದಿ ಬರುವಷ್ಟರಲ್ಲಿ ಕೋಳಿ ಮುಗಿದು, ತಳ ಹಿಡಿದ ಕೆಂಪನ್ನ ಉಳಿದಿತ್ತು.

ಭಾನುವಾರ ಸಂಜೆ ಕ್ಯಾಪ್ಟನ್ ಮೇಜಿನ ಮೇಲೆ ಬಿರುಕುಬಿಟ್ಟ ಒಂದು ತುಂಡು ಬ್ರೇಕ್ ಕೊಳವೆ, ಅದರ ಕೆಳಗೆ ಆ ಪತ್ರ. ಸಹಿಯಾಗಿತ್ತು.

"ಮೆಕ್ಯಾನಿಕ್ ಬಿಚ್ಚಿದ್ದು. ನಿನ್ ಮಾವನೇ ಇಲ್ಲಿ ತಂದಿಟ್ಟು ಹೋದ" ಎಂದರು ಕ್ಯಾಪ್ಟನ್. "ಇಪ್ಪತ್ತೆರಡು ವರ್ಷದಲ್ಲಿ ಮೊದಲ್ನೇ ಸಲ ಕಿವಿ ಮೋಸ ಮಾಡ್ತು ಅಂದ. ಆಮೇಲೆ, ಸಹಿ ಯಾವಾಗ ಹಾಕ್ತೀರಿ ಅಂತ ನನ್ನನ್ನೇ ಗದರಿಸ್ದ."

ಜೊಲೀನ್ ಪತ್ರ ಮಡಚಿ ಕಿಸೆಗಿಟ್ಟು, ಅದು ಇದೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡಳು. ಅಲ್ಲಿಂದ ನೇರವಾಗಿ ಉಮಾತಕ್‌ಗೆ, ಅಜ್ಜಿಯ ಮನೆಗೆ ಹೋದಳು. ಅವಳಿಗಿಂತ ಮೊದಲೇ ಬಂದಿದ್ದ ಮಾವ ಸಮವಸ್ತ್ರ ಕಳಚಿ, ಹರಕು ಬನಿಯನ್ನಿನಲ್ಲಿ ಅಂಗಳದ ಕೆಂಡದ ಮೇಲೆ ಮಾಂಸ ಹೊರಳಿಸುತ್ತಿದ್ದರು. ಸುತ್ತ ಹನ್ನೆರಡು ಜನ ನೆಂಟರು.

"ಇಷ್ಟ್ ದೊಡ್ಡ ಬಿರುಕು!" ಮಾವ ಚಿಮಟದಲ್ಲಿ ತೋರಿಸುತ್ತಿದ್ದರು. "ಯಾರಾದ್ರೂ ನನ್ ಲಾರಿ ನಿಲ್ಸಿದ್ದುಂಟಾ? ಮೇಜರೂ ನಿಲ್ಸಿಲ್ಲ. ಇಳೀರಿ ಅಂದ್ಳು! ನಮ್ ಹುಡ್ಗಿ, ನಂಗೆ, ಎಲ್ರೆದುರು!"

"ನಿಂಗೆ ನಾಚಿಕೆ ಆಗ್ಲಿಲ್ವೇನೋ?" ಎಂದರು ಅಜ್ಜಿ.

"ಯಾಕಮ್ಮ? ಸ್ಟಿಯರಿಂಗ್ ಹಿಡಿಯೋಕೆ ಕಲಿಸ್ದೋನು ಯಾರು?"

ಅಷ್ಟರಲ್ಲಿ ಅವರಿಗೆ ಜೊಲೀನ್ ಕಂಡಳು. ಅವಳು ಸಮವಸ್ತ್ರದಲ್ಲೇ ಇದ್ದಳು. ಕೈ ಚಾಚಲೋ ಬೇಡವೋ ತಿಳಿಯದೆ ಗೇಟಿನ ಬಳಿ ನಿಂತಳು. ಮಾವ ಚಿಮಟ ಕೆಳಗಿಟ್ಟು, ಮಸಿಯ ಕೈಯನ್ನು ಬನಿಯನ್ನಿಗೆ ಒರೆಸಿ ಮುಂದೆ ಚಾಚಿದರು.

"ಟೋಪಿ ತೆಗಿ. ಇಲ್ಲಿ ನಾನೇ ದೊಡ್ಡೋನು."

ಅವಳು ಟೋಪಿ ತೆಗೆದು, ಬಾಗಿ, ಹೊಗೆ ವಾಸನೆಯ ಆ ಕೈಯನ್ನು ಮೂಗಿಗೆ ಒತ್ತಿಕೊಂಡಳು. ಪತ್ರದ ವಿಷಯವನ್ನು ಯಾರೂ ಕೇಳಲಿಲ್ಲ. ಮಾವ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು.

ಊಟಕ್ಕೆ ಕೂರುವ ಹೊತ್ತಿಗೆ ಮಾವನ ಕಥೆಯಲ್ಲಿ ಆ ಬಿರುಕು ಅಂಗೈಯಷ್ಟಾಗಿತ್ತು, ಲಾರಿ ಬೆಟ್ಟದ ಇಳಿಜಾರಿನಲ್ಲಿತ್ತು. ಜೊಲೀನ್ ತಿದ್ದಲು ಹೋಗಲಿಲ್ಲ.