ಮೆಕ್ಕೆಜೋಳದ ಗೋದಾಮಿನಲ್ಲಿ ಹಾಜರಿ

ನಮ್ಮೂರ ಶಾಲೆ ನಾಲ್ಕೂವರೆಗೆ ಬಿಡುತ್ತದೆ. ಶಿರಾಳಕೊಪ್ಪಕ್ಕೆ ಕೆಲಸಕ್ಕೆ ಹೋದ ತಾಯಂದಿರು ಬರುವುದು ಏಳರ ಬಸ್ಸಿಗೆ. ನಡುವಿನ ಎರಡೂವರೆ ಗಂಟೆ ಮಕ್ಕಳು ಯಾರಿಗೂ ಸೇರಿದವರಲ್ಲ. ಕೆಲವರು ಒಳಗಿನಿಂದ ಚಿಲಕ ಹಾಕಿಕೊಂಡು ಟಿವಿ ನೋಡುತ್ತಾರೆ. ಐದನೇ ಕ್ಲಾಸಿನ ಶರಣ್ಯ ಗುರುಮಲ್ಲಪ್ಪಜ್ಜನ ಮನೆಗೆ ಅಂಟಿಕೊಂಡ ಗೋದಾಮಿನ ಮೆಟ್ಟಿಲ ಮೇಲೆ ಕೂರುತ್ತಾಳೆ.

ಒಂದು ಸಂಜೆ ಅವಳು ಒಬ್ಬಳೇ ಏನೋ ಕೂಗುತ್ತಿದ್ದಳು. ಇಂಥ ಸೀನು ಸಿಕ್ಕರೆ ಸಿನಿಮಾ ಹುಚ್ಚಿನ ಈ ವಾಣಿಶ್ರೀ, ಅಂದರೆ ನಾನು, ಬಿಡುವುದುಂಟೇ? ಗೋಡೆ ಹಿಂದೆ ಅಡಗಿದೆ.

"ಸಮೀಕ್ಷಾ... ಬಂದಿಲ್ಲ. ಅಭಿಜ್ಞ... ಬಂದಿಲ್ಲ. ಸಿದ್ಧಲಿಂಗೇಶ್... ಬಂದಿಲ್ಲ."

ಖಾಲಿ ಮೆಟ್ಟಿಲಿಗೆ ಹಾಜರಿ ಹಾಕುತ್ತಿದ್ದಳು. ನಾನು ವಿಲನ್ ದನಿ ತೆಗೆದು, "ಪ್ರೆಸೆಂಟ್ ಮಿಸ್" ಎಂದು ಗುಡುಗಿದೆ. ಕಿರುಚಿ ಓಡುತ್ತಾಳೆ ಅಂದುಕೊಂಡಿದ್ದೆ.

"ಲೇಟು. ಆದ್ರೂ ಇವತ್ತು ಒಬ್ರಾದ್ರೂ ಬಂದ್ರಲ್ಲ, ಕೂತ್ಕ" ಅಂದಳು.

ನನಗೆ ನಗು ಬರಲಿಲ್ಲ. ಬಸ್ಸು ಬರುವವರೆಗೂ ಕೂತೆ.

ಮರುದಿನ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಪ್ರಮೀಳಕ್ಕನ ಹತ್ತಿರ ಹೋದೆ. "ಅಕ್ಕಾ, ಮಕ್ಕಳಿಗೆ ಸಂಜೆ ಕ್ಲಾಸ್ ಮಾಡಾನ. ಯಾರಾದ್ರೂ ಸಾಹುಕಾರ್ರು ಸೂಟ್‌ಕೇಸ್ ಹಿಡ್ಕಂಡು ಬಂದ್ರೆ..."

"ಅದು ನಿನ್ ಸಿನಿಮಾದಾಗೆ. ದುಡ್ಡು ಆಮೇಲೆ ಕೇಳಾನ. ಊರಾಗೆ ಯಾರತ್ರ ಏನು ಸುಮ್ನೆ ಬಿದ್ದೈತೆ, ಮೊದ್ಲು ಅದನ್ನ ನೋಡು."

ಗ್ರಂಥಾಲಯದಲ್ಲಿ ಪುಸ್ತಕ ಇತ್ತು, ಜಾಗ ಇರಲಿಲ್ಲ. ಅಜ್ಜನ ಗೋದಾಮು ವರ್ಷದಲ್ಲಿ ಎಂಟು ತಿಂಗಳು ಖಾಲಿ. ಒಂದು ಪತ್ರ ಬರೆದು, ಸಂಜೆ ಐದಕ್ಕೆ ಇಬ್ಬರೂ ಅವರ ಮನೆಗೆ ಹೋದೆವು.

ಅಜ್ಜ ಕನ್ನಡಕ ಏರಿಸಿ ಓದಿದರು. 'ತಾವು ಪಾಲುದಾರರಾಗಬೇಕು' ಎನ್ನುವಲ್ಲಿ ಬೆರಳು ನಿಂತಿತು.

"ಪಾಲು ಕೇಳಾಕ್ ಬಂದೀರೇನು? ಈ ಮನ್ಯಾಗೆ ಪಾಲಾಗಿದ್ದು ಸಾಕು. ನಡುವೆ ಗೋಡೆ ಎದ್ದು ಹನ್ನೊಂದು ವರ್ಷ ಆತು. ತಮ್ಮ ಕೆಮ್ಮಿದ್ರೆ ಕೇಳ್ತೈತೆ, ಮಾತಿಲ್ಲ."

"ಇದು ಕಿತ್ಕಳೋ ಪಾಲಲ್ಲ ಅಜ್ಜಾರೇ, ಹಾಕೋ ಪಾಲು" ಎಂದಳು ಪ್ರಮೀಳಕ್ಕ. "ಜಾಗ ನಿಮ್ದೇ, ಕೀಲಿ ನಿಮ್ದೇ. ಕಾಳು ತುಂಬೋ ಕಾಲಕ್ಕೆ ಬಿಟ್ಕೊಡ್ತೀವಿ. ಹಂಗಂತ ಬರ್ದು ಎಲ್ರೂ ಸಹಿ ಹಾಕ್ತೀವಿ."

"ಲೈಟ್ ಬಿಲ್ಲು?"

"ಮಹಿಳಾ ಸಂಘ ಕಟ್ತೈತೆ. ಹುಡುಗ್ರಿಗೆ ತಿನ್ನಾಕೆ ಮಂಡಕ್ಕಿನೂ ಅವ್ರದ್ದೇ."

"ಹುಡುಗ್ರನ್ನ ನೋಡ್ಕಳೋರು?"

"ನಾನು. ಜತಿಗೆ ದಿನಾ ಸಂಘದವ್ರು ಒಬ್ರು" ಅಂದೆ.

"ನೀನಾ? ನಮ್ಮ ಎಮ್ಮಿಗೆ ಕೂಲಿಂಗ್ ಗ್ಲಾಸ್ ಹಾಕ್ದಾಕಿ?"

"ಚಂದ ಕಾಣ್ತಿತ್ತಲ್ಲಜ್ಜಾ."

ಅಜ್ಜ ನಗಲಿಲ್ಲ. ಹೊರಗೆ ಮೆಟ್ಟಿಲಿನಿಂದ ದನಿ ಬಂತು. "ಸಿದ್ಧಲಿಂಗೇಶ್... ಬಂದಿಲ್ಲ."

"ದಿನಾ ಕೇಳ್ತೀನಿ" ಅಂದರು ಅಜ್ಜ. "ಅದು ಗೋಡೆ ಆಚೆ ಹುಡುಗ. ತಮ್ಮನ ಮೊಮ್ಮಗ. ನನ್ ಬಾಗಿಲಾಗೆ ಆ ಹೆಸ್ರು ಕೂಗೋದು ಈ ಹುಡುಗಿ ಒಬ್ಬಾಕೇ."

ಎದ್ದು ಮೊಳೆಯಲ್ಲಿದ್ದ ಕೀಲಿ ತೆಗೆದರು.

ಮೊದಲ ದಿನ ಏಳು ಮಕ್ಕಳು ಬಂದರು. ಶರಣ್ಯ ನಿಂತು ಹಾಜರಿ ಕೂಗಿದಳು. ಏಳು ಸಲ 'ಪ್ರೆಸೆಂಟ್' ಕೇಳಿ, ಎಂಟನೆಯದಕ್ಕೆ ತಡೆದಳು. ಸಿದ್ಧಲಿಂಗೇಶ್ ಬಂದಿರಲಿಲ್ಲ.

"ಹೆಸ್ರು ತೆಗಿಬ್ಯಾಡ ಕೂಸೇ, ಇರ್ಲಿ" ಅಂದರು ಬಾಗಿಲಲ್ಲಿದ್ದ ಅಜ್ಜ.

ಈಗ ಹದಿಮೂರು ಮಕ್ಕಳಿದ್ದಾರೆ. ಸಿದ್ಧಲಿಂಗೇಶ್ ಇನ್ನೂ ಬಂದಿಲ್ಲ. ಅವನ ಹೆಸರನ್ನು ದಿನಾ ಕೂಗುತ್ತೇವೆ. ಬೀಗ ಹಾಕುವ ಮೊದಲು ಅಜ್ಜ ಒಮ್ಮೆ ಬೀದಿ ಕಡೆ ನೋಡುತ್ತಾರೆ.

ನೀವೂ ನಿಮ್ಮೂರಲ್ಲಿ ನಾಲ್ಕೂವರೆಗೆ ಹೊರಗೆ ಬಂದು ನೋಡಿ. ಯಾವ ಮೆಟ್ಟಿಲ ಮೇಲೆ ಯಾವ ಮಗು ಕೂತಿದೆ, ಅದರ ಬೆನ್ನ ಹಿಂದಿನ ಬಾಗಿಲ ಕೀಲಿ ಯಾರ ಹತ್ತಿರ ಇದೆ? ಹೋಗಿ ಕೇಳಿ. ನಿಮ್ಮ ಪಾಲಾಗಿ ಕೊಡಲು ಜಾಗ ಇಲ್ಲದಿದ್ದರೆ ಒಂದು ಬಲ್ಬು ಕೊಡಿ, ಅದೂ ಇಲ್ಲದಿದ್ದರೆ ವಾರಕ್ಕೊಂದು ಸಂಜೆ. ಯಾರದ್ದೇನು, ಎಲ್ಲಿಯವರೆಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಅಲ್ಲಿ ಯಾರೋ ನಿಮ್ಮ ಹೆಸರನ್ನೂ ಕೂಗುತ್ತಿರಬಹುದು. ಲೇಟಾದರೂ ಪರವಾಗಿಲ್ಲ, 'ಪ್ರೆಸೆಂಟ್' ಅನ್ನಿ.